1786ರಲ್ಲಿ ಧೂಮಕೇತು ಕಂಡರೆ ಯಾರಿಗೆ ಹೇಳುತ್ತಿದ್ದರು, ಹೇಗೆ ಹೇಳುತ್ತಿದ್ದರು?

ಸಂಜೆಮುಗಿಲು:

ಮಗಳು ಒಂಬತ್ತನೇ ಕ್ಲಾಸು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಶಾಲೆಯಲ್ಲಿ ಕ್ಯಾರೊಲಿನ್ ಹರ್ಷೆಲ್ ಬಗ್ಗೆ ಮಾತಾಡಬೇಕಂತೆ. ಎಲ್ಲಿ ಹುಡುಕಿದರೂ ಅದೇ ನಾಲ್ಕು ಸಾಲು ಸಿಗುತ್ತಿದೆ. 1750ರಲ್ಲಿ ಜರ್ಮನಿಯ ಹಾನೋವರ್‌ನಲ್ಲಿ ಹುಟ್ಟಿದರು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ತಂಗಿ. 1786ರ ಆಗಸ್ಟ್ 1ರಂದು ಇಂಗ್ಲೆಂಡಿನಲ್ಲಿ ಒಂದು ಧೂಮಕೇತು ಕಂಡುಹಿಡಿದರು, ಆಮೇಲೆ ಇನ್ನೂ ಏಳು. ಮುಗೀತು.

ಇದನ್ನು ಓದಿ ಮಗಳು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. "ಅಮ್ಮ, ನೋಡಿದ ಮೇಲೆ ಯಾರಿಗೆ ಹೇಳಿದ್ರು?" 2024ರಲ್ಲಿ ತ್ಸುಚಿನ್‌ಶಾನ್–ಅಟ್ಲಾಸ್ ಬಂದಾಗ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಫೋಟೊಗಳದ್ದೇ ಸುರಿಮಳೆ. ಯಾವ ದಿಕ್ಕು, ಎಷ್ಟು ಗಂಟೆ, ಎಲ್ಲ ಫೋನಿನಲ್ಲೇ ಬಂತು. ಅವಳಿಗೆ ಗೊತ್ತಿರುವ ಧೂಮಕೇತು ಅದೊಂದೇ.

1786ರಲ್ಲಿ ಫೋನಿಲ್ಲ, ತಂತಿ ಇಲ್ಲ, ಫೋಟೊ ಕೂಡ ಇಲ್ಲ. ಒಬ್ಬರು ಹಳ್ಳಿಯಲ್ಲಿ ಕೂತು ಒಂದು ಮಸುಕು ಚುಕ್ಕೆ ನೋಡಿದರೆ, ಇನ್ನೊಬ್ಬರು ಅದೇ ಚುಕ್ಕೆಯನ್ನು ಹುಡುಕಿಕೊಳ್ಳುವುದು ಹೇಗೆ? ನಂಬುವುದಾದರೂ ಯಾಕೆ? ಕಾಗದ ತಲುಪುವಷ್ಟರಲ್ಲಿ ಧೂಮಕೇತು ಹೊರಟುಹೋದರೆ ಏನು ಗತಿ? ಕೊನೆಯದು ಮಗಳ ಪ್ರಶ್ನೆ. ಬಲ್ಲವರು ಹೇಳಿ.

ಗುಡ್ಡದಮೇಲೆ:

ಸಿಂಪಲ್ ಉತ್ತರ ಇದೆ. ಅಣ್ಣ ರಾಜನ ಖಗೋಳಜ್ಞ. ಅಣ್ಣನ ಸ್ನೇಹಿತರೆಲ್ಲ ದೊಡ್ಡವರು. ಅವರಿಗೆ ಕಾಗದ ಬರೆದರು, ಅವರು ನಂಬಿದರು. ಹರ್ಷೆಲ್ ಅನ್ನುವ ಹೆಸರು ಇಲ್ಲದಿದ್ದರೆ ಆ ಕಾಗದ ಯಾರು ಓದುತ್ತಿದ್ದರು ಅನ್ನೋದೇ ಅನುಮಾನ.

ಇನ್ನೊಂದು ವಿಷಯ. ಎಷ್ಟೋ ಕಡೆ "ಧೂಮಕೇತು ಕಂಡ ಮೊದಲ ಮಹಿಳೆ" ಅಂತ ಬರೆದಿರುತ್ತಾರೆ. ಮಗಳು ಹಾಗೆ ಹೇಳದಿರಲಿ. 1702ರಲ್ಲೇ ಬರ್ಲಿನ್‌ನಲ್ಲಿ ಮರಿಯಾ ಕಿರ್ಖ್ ಒಂದು ಧೂಮಕೇತು ಕಂಡಿದ್ದರು. ಹೆಸರು ಹೋಗಿದ್ದು ಗಂಡ ಗಾಟ್‌ಫ್ರೀಡ್ ಕಿರ್ಖ್‌ಗೆ. ಮೊದಲು ನೋಡಿದ್ದು ಹೆಂಡತಿ ಅಂತ ಅವರು ಒಪ್ಪಿಕೊಂಡಿದ್ದು 1710ರಲ್ಲಿ.

ಮಾಳಿಗೆಮನೆ:

ನಾನು ಆರ್‌ಎಂಎಸ್‌ನಿಂದ, ಅಂದರೆ ಅಂಚೆ ಇಲಾಖೆಯ ರೈಲ್ವೆ ಮೇಲ್ ಸರ್ವಿಸ್‌ನಿಂದ, ರಿಟೈರ್ ಆದವನು. ಓಡುವ ರೈಲಿನ ಡಬ್ಬಿಯಲ್ಲಿ ರಾತ್ರಿಯಿಡೀ ನಿಂತು ಟಪಾಲು ಸಾರ್ಟಿಂಗ್ ಮಾಡಿದ್ದೇನೆ. ಈಗ ಹುಬ್ಬಳ್ಳಿಯಲ್ಲಿ ಮನೆಯ ಮಾಳಿಗೆ ಮೇಲೆ ಆರು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಇಟ್ಟುಕೊಂಡು ಕೂತಿದ್ದೇನೆ. ಕಾಗದ ಮತ್ತು ಆಕಾಶ, ನನ್ನ ಎರಡೂ ಹುಚ್ಚು ಈ ಪ್ರಶ್ನೆಯಲ್ಲಿವೆ. ಹಾಗಾಗಿ ಉತ್ತರ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಗುಡ್ಡದಮೇಲೆ ಅವರ ಮಾತು ಅರ್ಧ ನಿಜ. ಅಣ್ಣನ ಹೆಸರಿನಿಂದ ಲಕೋಟೆ ತೆರೆಯುತ್ತಾರೆ, ಸರಿ. ಆದರೆ ಒಳಗಿರುವ ಕಾಗದ ಓದಿ ಮಾರನೇ ರಾತ್ರಿ ಅದೇ ಚುಕ್ಕೆಯನ್ನು ಹಿಡಿಯಬೇಕಲ್ಲ? ಅದಕ್ಕೆ ಯಾವ ಅಣ್ಣನ ಹೆಸರೂ ಉಪಯೋಗಕ್ಕೆ ಬರಲ್ಲ.

ಮೊದಲು ಆ ದಿನ ಏನಾಯಿತು ನೋಡೋಣ. ರಾಜ ಮೂರನೇ ಜಾರ್ಜ್ ಗಟಿಂಗೆನ್ ವಿಶ್ವವಿದ್ಯಾಲಯಕ್ಕೆ ಒಂದು ಹತ್ತು ಅಡಿಯ ಟೆಲಿಸ್ಕೋಪ್ ಕಾಣಿಕೆ ಕೊಟ್ಟಿದ್ದ. ಅದನ್ನು ತಲುಪಿಸಲು 1786ರ ಜುಲೈನಲ್ಲಿ ವಿಲಿಯಂ ಮತ್ತು ಇನ್ನೊಬ್ಬ ಅಣ್ಣ ಅಲೆಕ್ಸಾಂಡರ್ ಜರ್ಮನಿಗೆ ಹೋದರು. ಸ್ಲೌ ಎಂಬ ಊರಿನ ಮನೆಯಲ್ಲಿ ಕ್ಯಾರೊಲಿನ್ ಉಳಿದರು. ಆಗ ಅವರಿಗೆ 36 ವರ್ಷ.

ಅಣ್ಣ ಊರಲ್ಲಿದ್ದಾಗ ಕ್ಯಾರೊಲಿನ್‌ಗೆ ಆಕಾಶ ನೋಡಲು ಪುರಸೊತ್ತೇ ಇರುತ್ತಿರಲಿಲ್ಲ. ವಿಲಿಯಂ ಇಪ್ಪತ್ತು ಅಡಿಯ ಟೆಲಿಸ್ಕೋಪಿನ ಮೇಲೆ ಹತ್ತಿ ನಿಂತು, ಕಂಡದ್ದನ್ನು ಕೂಗಿ ಹೇಳುತ್ತಿದ್ದರು. ಅವರ ಕಣ್ಣು ಕತ್ತಲಿಗೆ ಹೊಂದಿಕೊಂಡಿರಬೇಕು, ದೀಪದ ಹತ್ತಿರ ಬರುವಂತಿಲ್ಲ. ಕೆಳಗೆ ಕಿಟಕಿಯ ಹಿಂದೆ ದೀಪ, ಗಡಿಯಾರ, ನಕ್ಷತ್ರಗಳ ಪಟ್ಟಿ ಇಟ್ಟುಕೊಂಡು ಕೂತ ಕ್ಯಾರೊಲಿನ್, ಹೇಳಿದ್ದನ್ನು ಗಂಟೆ ನಿಮಿಷದ ಸಮೇತ ಬರೆದುಕೊಳ್ಳಬೇಕು. ಹಗಲಲ್ಲಿ ಅದನ್ನೆಲ್ಲ ಲೆಕ್ಕ ಮಾಡಿ ಶುದ್ಧ ಪ್ರತಿ ಮಾಡಬೇಕು. ವರ್ಷಗಟ್ಟಲೆ ಇದೇ ಕೆಲಸ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಣ್ಣ ಇಲ್ಲದ ಆ ವಾರಗಳಲ್ಲಿ ಅವರು ತಮ್ಮ ಚಿಕ್ಕ ಟೆಲಿಸ್ಕೋಪ್ ತೆಗೆದರು. ನ್ಯೂಟೋನಿಯನ್, ಅಂದರೆ ಕನ್ನಡಿ ಇರುವ ಟೆಲಿಸ್ಕೋಪ್, ಫೋಕಲ್ ಲೆಂತ್ 27 ಇಂಚು, ದೊಡ್ಡದು ಮಾಡಿ ತೋರಿಸುವುದು ಸುಮಾರು 20 ಪಟ್ಟು ಮಾತ್ರ. ಇಷ್ಟು ಕಡಿಮೆ ಯಾಕೆ ಅನ್ನಬೇಡಿ. ಒಂದೇ ಸಲಕ್ಕೆ ಅದರಲ್ಲಿ 2 ಡಿಗ್ರಿ 12 ನಿಮಿಷ (ಇಲ್ಲಿ ನಿಮಿಷ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಅಗಲದ ಆಕಾಶ ಕಾಣುತ್ತಿತ್ತು. ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ನನ್ನ ಡಾಬ್‌ಗೆ 25 ಮಿ.ಮೀ. ಐಪೀಸ್ ಹಾಕಿದರೆ ಇದರ ಅರ್ಧ ಅಗಲ ಕಂಡರೆ ಹೆಚ್ಚು. ಧೂಮಕೇತು ಹುಡುಕುವವರಿಗೆ ಅಗಲವೇ ಮುಖ್ಯ. ಧೂಮಕೇತುಗಳು ಸೂರ್ಯನ ಹತ್ತಿರ ಬಂದಾಗ ಬೆಳಗುತ್ತವೆ. ಹಾಗಾಗಿ ಸಂಜೆ ಸೂರ್ಯ ಮುಳುಗಿದ ಕಡೆ, ಬೆಳಗಿನ ಜಾವ ಸೂರ್ಯ ಹುಟ್ಟುವ ಕಡೆ, ಗದ್ದೆ ಉತ್ತ ಹಾಗೆ ಸಾಲು ಬಿಡದೆ ನೋಡುತ್ತಾ ಹೋಗಬೇಕು.

ಆಗಸ್ಟ್ 1, ರಾತ್ರಿ 9 ಗಂಟೆ 50 ನಿಮಿಷ. ನೋಟದ ಮಧ್ಯದಲ್ಲಿ ಒಂದು ವಸ್ತು. ಸುತ್ತಲಿನ ನಕ್ಷತ್ರಗಳೆಲ್ಲ ಚೂಪಾಗಿವೆ, ಇದೊಂದು ಮಾತ್ರ ಫೋಕಸ್ ತಪ್ಪಿದ ನಕ್ಷತ್ರದಂತಿದೆ. ಬಣ್ಣ, ಬೆಳಕು ಎರಡರಲ್ಲೂ ಮೆಸ್ಸಿಯೆ ಪಟ್ಟಿಯ 27ನೇ ನೀಹಾರಿಕೆಯ (ಆಕಾಶದಲ್ಲಿ ಮೋಡದಂತೆ ಕಾಣುವ ಮಸುಕು) ಹಾಗೆ, ಆದರೆ ದುಂಡಗೆ. ಈಗಿನ ಹವ್ಯಾಸಿಗಳಿಗೆ ಇದು ಎಂ27 ಅಂದರೆ ತಕ್ಷಣ ಗೊತ್ತಾಗುತ್ತದೆ. ಪ್ಯಾರಿಸ್‌ನ ಚಾರ್ಲ್ಸ್ ಮೆಸ್ಸಿಯೆ ಆ ಪಟ್ಟಿ ಮಾಡಿದ್ದೇ ಧೂಮಕೇತು ಬೇಟೆಗಾರರು ಇಂಥ ಮಸುಕುಗಳಿಗೆ ಮೋಸಹೋಗದಿರಲಿ ಅಂತ. ಕ್ಯಾರೊಲಿನ್ ಅದನ್ನೇ ಅಳತೆಗೋಲು ಮಾಡಿಕೊಂಡರು. ಎಂ27 ನೋಡಿದ ಯಾವ ಖಗೋಳಜ್ಞನಿಗಾದರೂ, ಯಾವ ದೇಶದಲ್ಲಿದ್ದರೂ, ಕಣ್ಣಿಗೆ ಕಟ್ಟುತ್ತದೆ.

10 ಗಂಟೆ 33 ನಿಮಿಷಕ್ಕೆ ಆ ವಸ್ತು ಎರಡು ನಕ್ಷತ್ರಗಳ ಜೊತೆ ಸರಿಯಾದ ಸಮದ್ವಿಬಾಹು ತ್ರಿಕೋನ ಮಾಡಿತ್ತು. ಆ ನಕ್ಷತ್ರಗಳಿಗೆ ಎ, ಬಿ ಅಂತ ಹೆಸರಿಟ್ಟು ಚಿತ್ರ ಬರೆದರು. 11 ಗಂಟೆ 8 ನಿಮಿಷಕ್ಕೆ ಮಂಜು ಕವಿದು ಬಿ ನಕ್ಷತ್ರ ಸರಿಯಾಗಿ ಕಾಣದಾಯಿತು. ಅಲುಗಿತೋ ಇಲ್ಲವೋ ಹೇಳಲಾಗದು.

ಅವತ್ತೇ ಕಾಗದ ಬರೆಯಲಿಲ್ಲ ನೋಡ್ರಿ! ದಿನಚರಿಯಲ್ಲಿ ಬರೆದದ್ದು ಇಷ್ಟೇ: ಇದು ನಾಳೆ ರಾತ್ರಿ ಧೂಮಕೇತು ಅಂತ ಸಾಬೀತಾಗುತ್ತದೆ ಅಂದುಕೊಂಡಿದ್ದೇನೆ. ಮಾರನೇ ದಿನವಿಡೀ ಮಳೆ. ಕೂತು 150 ನೀಹಾರಿಕೆಗಳ ಲೆಕ್ಕ ಮಾಡಿದರು. ರಾತ್ರಿ ಮೋಡ ಸರಿಯಿತು. 10 ಗಂಟೆ 9 ನಿಮಿಷಕ್ಕೆ ನೋಡಿದರೆ ತ್ರಿಕೋನ ಕೆಟ್ಟಿದೆ, ವಸ್ತು ಜಾಗ ಬದಲಿಸಿದೆ. ರಾತ್ರಿ ಒಂದು ಗಂಟೆಗೆ ದಿನಚರಿಯಲ್ಲಿ ಇನ್ನೊಂದು ಸಾಲು, ನಿನ್ನೆಯ ವಸ್ತು ಧೂಮಕೇತುವೇ. ಆಮೇಲೆ ಎರಡು ಕಾಗದ ಬರೆದು ಮುಗಿಸುವ ತನಕ ಮಲಗಲಿಲ್ಲ.

ಒಂದು ಕಾಗದ ಲಂಡನ್‌ನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಕಾರ್ಯದರ್ಶಿ ಡಾಕ್ಟರ್ ಚಾರ್ಲ್ಸ್ ಬ್ಲ್ಯಾಗ್ಡೆನ್‌ಗೆ. ಅದು ಅಚ್ಚಾಗಿದೆ, ಈಗಲೂ ಓದಬಹುದು. ಎರಡು ಪುಟ ದಾಟಿದರೆ ಹೆಚ್ಚು. ಅದರಲ್ಲಿ ಏನಿದೆ? ಗಂಟೆ ನಿಮಿಷ ಇದೆ. ನಕ್ಷತ್ರಗಳ ಜೊತೆಗಿನ ಚಿತ್ರಗಳ ನಕಲು ಇದೆ. ಯಾವ ಟೆಲಿಸ್ಕೋಪ್, ಎಷ್ಟು ಪಟ್ಟು, ಎಷ್ಟು ಅಗಲ ಅಂತ ಇದೆ. ಈ ಅಗಲ ಹೇಳಿದ್ದು ಸಣ್ಣ ವಿಷಯ ಅಲ್ಲ. ಅದಿಲ್ಲದಿದ್ದರೆ ಚಿತ್ರದಲ್ಲಿ ಒಂದು ಇಂಚು ಅಂದರೆ ಆಕಾಶದಲ್ಲಿ ಎಷ್ಟು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ಟೆಲಿಸ್ಕೋಪನ್ನು ಎತ್ತ ತಿರುಗಿಸಬೇಕು ಅನ್ನುವುದಕ್ಕೆ ಪಟ್ಟಿಯಲ್ಲಿರುವ ನಕ್ಷತ್ರಗಳ ಗುರುತು ಬೇರೆ ಇದೆ: ಸಪ್ತರ್ಷಿ ಮಂಡಲದ 53, 54ನೇ ನಕ್ಷತ್ರಗಳಿಗೂ ಕೋಮಾ ಬೆರೆನಿಸಸ್ ಎಂಬ ನಕ್ಷತ್ರಪುಂಜದ 14, 15, 16ಕ್ಕೂ ನಡುವೆ. ಎ ನಕ್ಷತ್ರ, ಮಾರನೇ ರಾತ್ರಿ ಗುರುತು ಮಾಡಿಕೊಂಡ ಇನ್ನೊಂದು ನಕ್ಷತ್ರ ಸಿ, ಎರಡೂ ಯಾವ ಪಟ್ಟಿಯಲ್ಲೂ ಸಿಗಲಿಲ್ಲ, ಆದರೆ ಆಕಾಶದಲ್ಲಿ ಸುಲಭವಾಗಿ ಸಿಗುತ್ತವೆ ಅಂತಲೂ ಬರೆದಿದ್ದಾರೆ.

ಮೊದಲು ದೊಡ್ಡ ಗುರುತು, ಆಮೇಲೆ ಸಣ್ಣ ಗುರುತು. ನಮ್ಮ ಇಲಾಖೆಯಲ್ಲಿ ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಆಮೇಲೆ ಊರು ನೋಡುತ್ತೇವೆ. ವಿಳಾಸ ಹೀಗಿದ್ದರೆ ಕಾಗದ ತಪ್ಪಿಹೋಗಲ್ಲ. ಇಷ್ಟು ಚೆನ್ನಾಗಿ ಬರೆಯಲು ಬಂದದ್ದು ಎಲ್ಲಿಂದ? ಕಿಟಕಿಯ ಹಿಂದೆ ಕೂತು ಇನ್ನೊಬ್ಬರ ಕಣ್ಣಿಗೆ ಕಂಡದ್ದನ್ನು ವರ್ಷಗಟ್ಟಲೆ ಬರೆದದ್ದರಿಂದ. ನೋಡದೇ ಇರುವವನಿಗೆ ಏನೇನು ಗೊತ್ತಾಗಬೇಕು ಅನ್ನೋದು ಅವರಿಗೆ ಅಣ್ಣನಿಗಿಂತ ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಅನಿಸಿಕೆ. ಗುಡ್ಡದಮೇಲೆ ಅವರೇ, ನಂಬಿಕೆ ಹುಟ್ಟಿದ್ದು ಇಲ್ಲಿ.

ಇನ್ನು ಟಪಾಲು. ಸ್ಲೌ ಇದ್ದದ್ದು ಲಂಡನ್‌ನಿಂದ ಇಪ್ಪತ್ತು ಮೈಲಿ ದೂರದಲ್ಲಿ, ಬಾತ್ ಊರಿಗೆ ಹೋಗುವ ಹೆದ್ದಾರಿಯ ಮೇಲೆ. ಇಂಗ್ಲೆಂಡಿನ ಮೊಟ್ಟಮೊದಲ ಮೇಲ್ ಕೋಚ್, ಅಂದರೆ ಟಪಾಲು ಹೊತ್ತ ಕುದುರೆ ಗಾಡಿ, 1784ರ ಆಗಸ್ಟ್ 2ರಂದು ಬ್ರಿಸ್ಟಲ್‌ನಿಂದ ಬಾತ್ ಮೇಲೆ ಲಂಡನ್‌ಗೆ ಓಡಿದ್ದು ಇದೇ ದಾರಿಯಲ್ಲಿ. ಅಂಚೆಚೀಟಿ ಇನ್ನೂ ಹುಟ್ಟಿರಲಿಲ್ಲ. ಸಾಮಾನ್ಯವಾಗಿ ಕಾಗದ ಪಡೆದವರೇ ದುಡ್ಡು ಕೊಡಬೇಕಿತ್ತು.

ಬ್ಲ್ಯಾಗ್ಡೆನ್ ಉತ್ತರದ ತಾರೀಖು ಆಗಸ್ಟ್ 5. ನಿನ್ನೆ ಗ್ರೀನಿಚ್ ವೀಕ್ಷಣಾಲಯದ ತಪಾಸಣೆ ಇತ್ತು, ಲಂಡನ್ ಸುತ್ತಮುತ್ತಲಿನ ಖಗೋಳಜ್ಞರೆಲ್ಲ ಸೇರಿದ್ದರು, ನಿಮ್ಮ ಸುದ್ದಿ ಹಬ್ಬಿಸಲು ಅನುಕೂಲ ಆಯಿತು ಅಂತ ಅದರಲ್ಲಿ ಬರೆದಿದ್ದಾರೆ. ಪ್ಯಾರಿಸ್‌ಗೂ ಮ್ಯೂನಿಕ್‌ಗೂ ಬರೆದ ಕಾಗದಗಳಲ್ಲಿ ಸುದ್ದಿ ಸೇರಿಸಿದ್ದೇನೆ ಅಂತಲೂ ಇದೆ. ಅಂದರೆ 3ನೇ ತಾರೀಖಿನ ನಸುಕಿನಲ್ಲಿ ಬರೆದು ಮುಗಿಸಿದ ಸುದ್ದಿ 4ಕ್ಕೆ ಗ್ರೀನಿಚ್‌ನಲ್ಲಿ. ನಮ್ಮ ಕಾಲದಲ್ಲೂ ಇದು ಒಳ್ಳೆಯ ಬಟವಾಡೆಯೇ. 6ಕ್ಕೆ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್, ಬ್ಲ್ಯಾಗ್ಡೆನ್, ಲಾರ್ಡ್ ಪಾಮರ್‌ಸ್ಟನ್ ಮೂವರೂ ಸ್ಲೌಗೆ ಬಂದು ಅವರ ಟೆಲಿಸ್ಕೋಪಿನಲ್ಲೇ ಧೂಮಕೇತು ನೋಡಿ ಹೋದರು. ವಿಲಿಯಂ ಮನೆಗೆ ಬಂದದ್ದು 16ಕ್ಕೆ. ಆ ಹೊತ್ತಿಗೆ ಎಲ್ಲಾ ಮುಗಿದಿತ್ತು.

ಮಗಳ ಪ್ರಶ್ನೆ ಚೆನ್ನಾಗಿದೆ. ಧೂಮಕೇತು ಉಲ್ಕೆಯ ಹಾಗೆ ಸರ್ರನೆ ಹೋಗಲ್ಲ. ನಕ್ಷತ್ರಗಳ ನಡುವೆ ದಿನಕ್ಕಿಷ್ಟು ಅಂತ ಸರಿಯುತ್ತದೆ, ಸಾಮಾನ್ಯವಾಗಿ ವಾರಗಟ್ಟಲೆ ಸಿಗುತ್ತದೆ. ಭಯ ಮೋಡದ್ದು. 3ನೇ ತಾರೀಖು ಕ್ಯಾರೊಲಿನ್ ಡಾಕ್ಟರ್ ಲಿಂಡ್ ಮತ್ತು ಕವಾಲೊ ಎಂಬ ಇಬ್ಬರನ್ನು ತೋರಿಸಲೆಂದೇ ಕರೆತಂದರು. ರಾತ್ರಿಯಿಡೀ ಮೋಡ, ಏನೂ ಕಾಣಲಿಲ್ಲ. ಇಂಗ್ಲೆಂಡಿನ ಆಗಸ್ಟ್ ನಮ್ಮ ಆಗಸ್ಟಿಗಿಂತ ಏನೂ ಮೇಲಲ್ಲ.

ಸಂಜೆಮುಗಿಲು:

ಸರ್, ಇದು ನಾಲ್ಕು ಸಾಲಿನ ಕಥೆ ಅಂದುಕೊಂಡಿದ್ದೆ! ಮಗಳು ಎ, ಬಿ ತ್ರಿಕೋನವನ್ನು ಚಾರ್ಟಿನ ಮೇಲೆ ಬರೆಯುತ್ತೇನೆ ಅಂತ ಕೂತಿದ್ದಾಳೆ.

ಇನ್ನೆರಡು ಕೇಳಲಾ? ಎರಡನೇ ಕಾಗದ ಯಾರಿಗೆ, ಯಾಕೆ? ಮತ್ತೆ ಒಂದು ಕಡೆ ಕ್ಯಾರೊಲಿನ್ ಕುದುರೆ ಮೇಲೆ ಹೋಗಿ ಸುದ್ದಿ ಮುಟ್ಟಿಸಿದರು ಅಂತ ಓದಿದೆ. ಅದು ನಿಜವೋ, ಯಾರೋ ಸೇರಿಸಿದ ಮಸಾಲೆಯೋ?

ಮಾಳಿಗೆಮನೆ:

ನಿಜ. ಆದರೆ ಅದು ಹನ್ನೊಂದು ವರ್ಷ ಆದಮೇಲಿನ ಕಥೆ, 1797ರದ್ದು. ಮೊದಲು ಎರಡನೇ ಕಾಗದ.

ಅದು ಅಲೆಕ್ಸಾಂಡರ್ ಆಬರ್ಟ್‌ಗೆ. ಈತ ಲಂಡನ್‌ನ ವ್ಯಾಪಾರಿ. ಡೆಪ್ಟ್‌ಫರ್ಡ್ ಹತ್ತಿರ ಲೋಂಪಿಟ್ ಹಿಲ್‌ನಲ್ಲಿ ಸ್ವಂತ ವೀಕ್ಷಣಾಲಯ, ಒಳ್ಳೊಳ್ಳೆಯ ಉಪಕರಣ ಇಟ್ಟುಕೊಂಡಿದ್ದ. ಬ್ಲ್ಯಾಗ್ಡೆನ್‌ಗೆ ದೇಶ ವಿದೇಶದ ಸಂಪರ್ಕ ಇತ್ತು, ಸುದ್ದಿ ಹಂಚಬಲ್ಲ. ಆಬರ್ಟ್‌ಗೆ ಯಂತ್ರ ಇತ್ತು, ಸುದ್ದಿಯನ್ನು ಪರೀಕ್ಷೆ ಮಾಡಬಲ್ಲ. ಇಬ್ಬರನ್ನೂ ಹಾಗೆ ಯೋಚಿಸಿಯೇ ಆರಿಸಿದರು ಅಂತ ನನಗನ್ನಿಸುತ್ತದೆ. ಆಬರ್ಟ್ ಬರೆದ ಉತ್ತರ ಓದಿದರೆ ಮನಸ್ಸು ತುಂಬುತ್ತದೆ. ನಿಮ್ಮ ಅಣ್ಣ ಈ ಸುದ್ದಿ ಕೇಳಿ ಆನಂದಬಾಷ್ಪ ಸುರಿಸುವುದು ಕಣ್ಣಿಗೆ ಕಂಡಂತಾಗುತ್ತಿದೆ, ನಿಮ್ಮ ಹೆಸರು ಅಮರ ಆಯಿತು ಅಂತ ಬರೆದಿದ್ದಾನೆ.

ಬ್ಲ್ಯಾಗ್ಡೆನ್‌ಗೆ ಬರೆದ ಕಾಗದ 1787ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆ ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್‌ನಲ್ಲಿ ಕ್ಯಾರೊಲಿನ್ ಹೆಸರಿನಲ್ಲೇ ಅಚ್ಚಾಯಿತು. ಮರಿಯಾ ಕಿರ್ಖ್‌ಗೆ ಸಿಗದ್ದು ಇದು. ಅದೇ ವರ್ಷ ಅಣ್ಣನ ಸಹಾಯಕಿ ಅಂತ ರಾಜನಿಂದ ವರ್ಷಕ್ಕೆ 50 ಪೌಂಡ್ ಸಂಬಳವೂ ಶುರುವಾಯಿತು. ಮೊದಲ ಕಂತು ಹನ್ನೆರಡೂವರೆ ಪೌಂಡ್ ಕೈಗೆ ಬಂದಾಗ, ನನ್ನ ಇಷ್ಟದಂತೆ ಖರ್ಚು ಮಾಡಬಹುದಾದ ದುಡ್ಡು ಜೀವನದಲ್ಲಿ ಇದೇ ಮೊದಲು ಅಂತ ಬರೆದುಕೊಂಡರು. ನನ್ನ ಮೊದಲ ಸಂಬಳದ ಕವರನ್ನು ಅಪ್ಪನ ಕೈಗೆ ಕೊಟ್ಟಿದ್ದು ನೆನಪಾಯಿತು, ಇರಲಿ.

ಈಗ ಕುದುರೆ. 1797ರ ಆಗಸ್ಟ್ 14ರ ರಾತ್ರಿ ಎಂಟನೇ ಧೂಮಕೇತು ಕಂಡಿತು, ಬರಿಗಣ್ಣಿಗೇ. ಈ ಸಲ ಕಾಗದ ಕಳಿಸಲಿಲ್ಲ. ಒಂದೇ ಒಂದು ಗಂಟೆ ನಿದ್ದೆ ಮಾಡಿ ಕುದುರೆ ಹತ್ತಿದರು. ಲಂಡನ್‌ಗೆ ಇಪ್ಪತ್ತು ಮೈಲಿ, ಅಲ್ಲಿಂದ ಗ್ರೀನಿಚ್‌ಗೆ ಇನ್ನೂ ಆರೇಳು. ಹಿಂದಿನ ಐದು ವರ್ಷಗಳಲ್ಲಿ ಒಂದೇ ಸಲಕ್ಕೆ ಎರಡು ಮೈಲಿಗಿಂತ ಜಾಸ್ತಿ ಸವಾರಿ ಮಾಡಿದವರಲ್ಲ. ಗ್ರೀನಿಚ್‌ನಲ್ಲಿ ಆ ವೀಕ್ಷಣಾಲಯದ ಮುಖ್ಯಸ್ಥ ನೆವಿಲ್ ಮ್ಯಾಸ್ಕಲಿನ್‌ಗೆ ಸುದ್ದಿ ಮುಟ್ಟಿಸಿದರು. ಲಂಡನ್‌ನಲ್ಲಿ ಇಳಿದು ಬ್ಯಾಂಕ್ಸ್ ಮನೆ ಬಾಗಿಲಿಗೂ ಒಂದು ಕಾಗದ ಕೊಡುವ ಯೋಚನೆ ಇತ್ತು. ಆದರೆ ಸುಸ್ತಾಗಿ ಏನೂ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಅದಕ್ಕೆ 17ರಂದು ಬ್ಯಾಂಕ್ಸ್‌ಗೆ ಕ್ಷಮೆ ಕೇಳಿ ಬರೆದರು. ಈ ವಿವರ ಎಲ್ಲ ಸಿಗುವುದು ಅದರಲ್ಲೇ. ಸುದ್ದಿ ಒಯ್ಯುವ ಯಾವ ಥರದ ಜನರ ವೇಗದಲ್ಲೂ ನನಗೆ ನಂಬಿಕೆ ಇಲ್ಲ, ಅದಕ್ಕೇ ನಾನೇ ಹೊರಟೆ ಅನ್ನುವ ಮಾತೂ ಅದರಲ್ಲಿದೆ. ಅಂಚೆಯವನಾಗಿ ನನಗೆ ಸ್ವಲ್ಪ ಚುಚ್ಚಿತು.

ಇಷ್ಟು ಆತುರ ಯಾಕೆ? ಕಾರಣ ಇತ್ತು. ನಾಲ್ಕು ವರ್ಷ ಮುಂಚೆ, 1793ರ ಅಕ್ಟೋಬರ್ 7ರಂದು ಅವರು ಕಂಡ ಧೂಮಕೇತುವನ್ನು ಮೆಸ್ಸಿಯೆ ಸೆಪ್ಟೆಂಬರ್ 27ಕ್ಕೇ ನೋಡಿಬಿಟ್ಟಿದ್ದರು. 1797ರಲ್ಲೂ ಅದೇ 14ರ ರಾತ್ರಿ ಪ್ಯಾರಿಸ್‌ನಲ್ಲಿ ಅಲೆಕ್ಸಿ ಬುವಾರ್ ಅದೇ ಧೂಮಕೇತು ಕಂಡಿದ್ದರು. ಇವರಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಮಾಮೂಲಿ ಪೈಪೋಟಿ ಒಂದು ಕಡೆ ಇರಲಿ. ಧೂಮಕೇತು ಸಾಗುವ ದಾರಿ ಲೆಕ್ಕ ಹಾಕಬೇಕಾದರೆ ಬೇರೆ ಬೇರೆ ರಾತ್ರಿಗಳ ಅಳತೆ ಬೇಕು. ನಿಖರವಾಗಿ ಅಳೆಯುವ ಉಪಕರಣ ಇದ್ದದ್ದು ಗ್ರೀನಿಚ್‌ನಲ್ಲಿ. ಸುದ್ದಿ ಒಂದು ದಿನ ತಡವಾದರೆ ಒಂದು ರಾತ್ರಿಯ ಅಳತೆ ಹೋದ ಹಾಗೆ.

ಆ ಅಳತೆಗಳು ಯಾವಾಗ ಉಪಯೋಗಕ್ಕೆ ಬರುತ್ತವೆ ಅಂತ ಹೇಳಲು ಬರಲ್ಲ. 1795ರ ನವೆಂಬರ್ 7ರಂದು ಕ್ಯಾರೊಲಿನ್ ಒಂದು ಧೂಮಕೇತು ಕಂಡರು. 1786ರ ಜನವರಿಯಲ್ಲಿ ಫ್ರಾನ್ಸ್‌ನ ಮೆಷೆನ್ ಒಂದನ್ನು ಕಂಡಿದ್ದರು. 1805ರಲ್ಲಿ ಒಂದು, 1818ರಲ್ಲಿ ಒಂದು. ನಾಲ್ಕೂ ಬೇರೆ ಬೇರೆ ಅಂತಲೇ ಎಲ್ಲರೂ ತಿಳಿದಿದ್ದರು. 1819ರಲ್ಲಿ ಜರ್ಮನಿಯ ಯೊಹಾನ್ ಎಂಕೆ ಹಳೆಯ ಅಳತೆಗಳನ್ನೆಲ್ಲ ಹರಡಿಕೊಂಡು ಲೆಕ್ಕ ಹಾಕಿದರೆ, ನಾಲ್ಕೂ ಒಂದೇ! 3.3 ವರ್ಷಕ್ಕೊಮ್ಮೆ ಸುತ್ತಿ ಬರುತ್ತಿದ್ದ ಅದೇ ಧೂಮಕೇತು. ಬೇರೆ ಬೇರೆ ಊರಿನವರು ಬರೆದಿಟ್ಟ ತಾರೀಖು, ಗಂಟೆ, ಜಾಗ ಸರಿಯಾಗಿ ಇರದೇ ಹೋಗಿದ್ದರೆ ಈ ಲೆಕ್ಕ ಕೂಡುತ್ತಲೇ ಇರಲಿಲ್ಲ. ನನ್ನನ್ನು ಕೇಳಿದರೆ, 1786ರ ಮೊದಲನೆಯದಕ್ಕಿಂತ ಮಗಳು ಇದನ್ನು ಹೇಳಿದರೆ ಇನ್ನೂ ಚೆನ್ನ.

ಗುಡ್ಡದಮೇಲೆ:

ಸರಿ ಸರ್, ಲಕೋಟೆ ಬೇರೆ ಕಾಗದ ಬೇರೆ ಅನ್ನುವುದು ಒಪ್ಪಿದೆ. ಒಂದು ಮಾತ್ರ ಗಂಟಲಲ್ಲಿ ಇಳಿಯಲ್ಲ. ಆ ಕಾಗದಗಳ ಧಾಟಿ ನೋಡಿ. ಮೊದಲನೆಯದರಲ್ಲಿ ಇದು ಅಪೂರ್ಣ ವರದಿ, ಅಣ್ಣನ ಸ್ನೇಹದ ಸಲುಗೆಯಿಂದ ತೊಂದರೆ ಕೊಡುತ್ತಿದ್ದೇನೆ ಅಂತಾರೆ. 1797ರಲ್ಲಂತೂ ಎಂಟು ಧೂಮಕೇತು ಕಂಡವರು, ಇದು ಖಗೋಳಜ್ಞೆ ಅಧ್ಯಕ್ಷರಿಗೆ ಬರೆದ ಕಾಗದ ಅಲ್ಲ, ಅಣ್ಣನ ಸ್ನೇಹಿತರಿಗೆ ಬರೆದ ನಾಲ್ಕು ಸಾಲು ಅಂತ ಶುರುಮಾಡ್ತಾರೆ. ಲೋಕ ತಿಳಿಯದ ಹೆಂಗಸು ಮನೆ ಸೇರೋದೇ ವಾಸಿ ಅನ್ನೋ ಅರ್ಥದ ಮಾತು ಬೇರೆ. ಇಷ್ಟೊಂದು ತಗ್ಗಿ ನಡೆಯಬೇಕಿತ್ತಾ?

ಹಾನೋವರ್_ಕನ್ನಡತಿ:

ನಾನು ಕೆಲಸದ ಮೇಲೆ ಹಾನೋವರ್‌ನಲ್ಲಿದ್ದೇನೆ, ಅದಕ್ಕೆ ಮಧ್ಯೆ ಬಾಯಿ ಹಾಕುತ್ತೇನೆ. 1822ರಲ್ಲಿ ವಿಲಿಯಂ ತೀರಿಕೊಂಡ ಮೇಲೆ ಕ್ಯಾರೊಲಿನ್ ಇಲ್ಲಿಗೇ ವಾಪಸು ಬಂದರು. 1848ರ ಜನವರಿಯಲ್ಲಿ, 97ನೇ ವಯಸ್ಸಿನಲ್ಲಿ ಇಲ್ಲೇ ತೀರಿಕೊಂಡರು. ಸಮಾಧಿ ಊರಿನ ನಡುವಿನ ಗಾರ್ಟನ್‌ಫ್ರೀಡ್‌ಹೋಫ್ ಎಂಬ ಹಳೆಯ ಸ್ಮಶಾನದಲ್ಲಿದೆ. ಈಗ ಅದು ಪಾರ್ಕಿನ ಹಾಗಿದೆ, ಜನ ಮಧ್ಯಾಹ್ನ ಬ್ರೆಡ್ಡು ತಿನ್ನುತ್ತಾ ಕೂತಿರುತ್ತಾರೆ.

ಕಲ್ಲಿನ ಮೇಲಿನ ಬರಹ ಅವರೇ ಬರೆದಿಟ್ಟದ್ದು. ಗುಡ್ಡದಮೇಲೆ ಅವರೇ, ಅದರ ಕ್ರಮ ಗಮನಿಸಿ. ಇವರ ದೃಷ್ಟಿ ಇಲ್ಲಿದ್ದಷ್ಟು ದಿನ ನಕ್ಷತ್ರಗಳ ಕಡೆಗಿತ್ತು ಅಂತ ಶುರುವಾಗುತ್ತದೆ. ಅದಕ್ಕೆ ಸಾಕ್ಷಿ ಯಾವುದು ಅಂತ ಹೇಳುವಾಗ ಮೊದಲು ಬರುವುದು "ಸ್ವಂತ ಧೂಮಕೇತು ಶೋಧಗಳು". ಅಣ್ಣನ ಕೆಲಸದಲ್ಲಿ ಪಾಲುಗೊಂಡದ್ದು ಆಮೇಲೆ. ಕೆಳಗೆ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿ, ಲಂಡನ್‌ನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಎರಡೂ ತಮ್ಮನ್ನು ಸದಸ್ಯೆ ಅಂತ ಎಣಿಸಿದವು ಅಂತ ಕೂಡ ಕೆತ್ತಿಸಿದ್ದಾರೆ. ತಗ್ಗಿ ನಡೆಯುವವರು ಇದನ್ನು ಬರೆದಿಡುತ್ತಾರಾ? ಯಾರಿಗೆ ಯಾವ ಧಾಟಿಯಲ್ಲಿ ಬರೆದರೆ ಕೆಲಸ ಆಗುತ್ತದೆ ಅಂತ ಅವರಿಗೆ ಗೊತ್ತಿತ್ತು, ಅಷ್ಟೇ. ನಾವು ಆಫೀಸಿನ ಇಮೇಲಿನಲ್ಲಿ ಮಾಡೋದೂ ಅದನ್ನೇ ಅಲ್ವಾ?

ಮಗಳಿಗೆ ಇಷ್ಟವಾಗಬಹುದಾದ ಇನ್ನೊಂದು. ಪ್ಯಾರಿಸ್‌ನ ಖಗೋಳಜ್ಞ ಲಲಾಂಡ್ ಮನೆಯಲ್ಲಿ 1790ರ ಜನವರಿ 20ರಂದು ಒಂದು ಹೆಣ್ಣುಮಗು ಹುಟ್ಟಿತು. ಅವತ್ತೇ ಕ್ಯಾರೊಲಿನ್ ಕಂಡ ಹೊಸ ಧೂಮಕೇತು ಪ್ಯಾರಿಸ್‌ನಲ್ಲಿ ಮೊದಲ ಸಲ ಕಂಡಿತ್ತು. ಮಗುವಿಗೆ ಕ್ಯಾರೊಲಿನ್ ಅಂತಲೇ ಹೆಸರಿಟ್ಟರು.

ಮಾಳಿಗೆಮನೆ:

ಸಮಾಧಿಯ ವಿಷಯ ಬಹಳ ಚೆನ್ನಾಗಿ ಹೇಳಿದಿರಿ ಮೇಡಂ. ನನ್ನದೂ ಒಂದು ಸಣ್ಣ ಮಾತು. ಆ ವಿನಯ ಎಲ್ಲಾ ಕಾಗದದ ಮೊದಲ ಸಾಲು, ಕೊನೆಯ ಸಾಲಿನಲ್ಲಿ ಮಾತ್ರ. ಮಧ್ಯೆ ಅಳತೆ ಬರುವ ಕಡೆ ಅಳುಕೇ ಇಲ್ಲ. ಮಂಜಿನಲ್ಲಿ ಕಾಣಲಿಲ್ಲ ಅಂದರೆ ಕಾಣಲಿಲ್ಲ. ಅಲುಗಿದ್ದು ಸ್ಪಷ್ಟ ಅಂದರೆ ಸ್ಪಷ್ಟ.

ಈ ಜನ ಒಬ್ಬರಿಗೊಬ್ಬರು ಬರೀ ಗಂಭೀರವಾಗಿಯೇ ಬರೆಯುತ್ತಿದ್ದರು ಅಂತಲೂ ತಿಳಿಯಬೇಡಿ. 1788ರ ಡಿಸೆಂಬರ್ 21ರಂದು ಕ್ಯಾರೊಲಿನ್ ಎರಡನೇ ಧೂಮಕೇತು ಕಂಡರು. ಮ್ಯಾಸ್ಕಲಿನ್ ಅದನ್ನು ಹುಡುಕಿ ನೋಡಿ, ಭೂಮಿಯ ಖಗೋಳಶಾಸ್ತ್ರದ ಒಳ್ಳೆಯದಕ್ಕಾಗಿ ನೀವು ಅದರ ಮೇಲೇರಿ ಹಾರಿಹೋಗಬೇಡಿ, ಹೋಗುವುದಾದರೆ ನಿಮ್ಮ ಸ್ನೇಹಿತರೂ ಜೊತೆಗೆ ಹೊರಡುವ ತನಕ ತಡೆಯಿರಿ ಅಂತ ತಮಾಷೆ ಮಾಡಿ ಬರೆದರು. ಆ ಧೂಮಕೇತು ಮತ್ತೆ ಸಿಕ್ಕಿದ್ದು 1939ರಲ್ಲಿ, ರಿಗೊಲೆ ಎಂಬ ಫ್ರೆಂಚ್ ವೀಕ್ಷಕರಿಗೆ. ಈಗ ಅದರ ಹೆಸರು ಹರ್ಷೆಲ್–ರಿಗೊಲೆ.

ಸಂಜೆಮುಗಿಲು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳು ಎಂಕೆ ಕಥೆಯನ್ನೇ ಹೇಳುತ್ತಾಳಂತೆ. ಕೊನೆಗೊಂದು. ಕ್ಲಾಸಿನ ಮಕ್ಕಳಿಂದ ಕ್ಯಾರೊಲಿನ್ ಮಾಡಿದ ಹಾಗೆ ಏನಾದರೂ ಮಾಡಿಸಬಹುದಾ? ಎಂ27 ಈಗ ಸಂಜೆ ಕಾಣುತ್ತದಾ?

ಮಾಳಿಗೆಮನೆ:

ಎಂ27 ಈಗ ಬೇಡ. ಫೆಬ್ರವರಿಯಲ್ಲಿ ಅದು ಬೆಳಗಿನ ಜಾವ ಪೂರ್ವದಲ್ಲಿ ಕೆಳಗೆ ಇರುತ್ತದೆ, ಮಕ್ಕಳು ಏಳಲ್ಲ. ಅಕ್ಟೋಬರ್ ಸಂಜೆಗೆ ಇಟ್ಟುಕೊಳ್ಳಿ, ಆಗ ನೆತ್ತಿಯ ಹತ್ತಿರ ಇರುತ್ತದೆ. ಬಾಣದ ಆಕಾರದ ಸಜಿಟ್ಟಾ ಎಂಬ ಪುಟ್ಟ ನಕ್ಷತ್ರಪುಂಜ ಇದೆ, ಶ್ರವಣ ನಕ್ಷತ್ರದಿಂದ ಸ್ವಲ್ಪ ಉತ್ತರಕ್ಕೆ. ಆ ಬಾಣದ ತುದಿಯಿಂದ ಉತ್ತರಕ್ಕೆ ಸುಮಾರು ಮೂರು ಡಿಗ್ರಿ ಹೋದರೆ ಸಿಗುತ್ತದೆ. ಊರಿನ ಬೆಳಕಿನಿಂದ ದೂರ ಹೋಗಬೇಕು.

ಈಗ ಗುರು ಗ್ರಹ ಸಂಜೆಯೇ ಚೆನ್ನಾಗಿ ಸಿಗುತ್ತಿದೆ, ಅದನ್ನು ಬಳಸಿ. ಬೈನಾಕ್ಯುಲರನ್ನು ಗೋಡೆಗೋ ಕಂಬಕ್ಕೋ ಒತ್ತಿ ಹಿಡಿದರೆ ಅದರ ಚಂದ್ರರು ಚುಕ್ಕೆಗಳಾಗಿ ಕಾಣುತ್ತಾರೆ. ಒಂದು ಮಗು ಇವತ್ತು ಎಂಟು ಗಂಟೆಗೆ ಒಂದು ಚಿತ್ರ ಬರೆಯಲಿ, ನಾಳೆ ಎಂಟಕ್ಕೆ ಇನ್ನೊಂದು. ಎರಡನ್ನೂ ಲಕೋಟೆಗೆ ಹಾಕಿ, ಆಕಾಶ ನೋಡದೇ ಇದ್ದ ಇನ್ನೊಂದು ಮಗುವಿಗೆ ಕೊಡಲಿ. ಯಾವ ಚುಕ್ಕೆ ಎತ್ತ ಸರಿಯಿತು ಅಂತ ಆ ಮಗು ಕಾಗದ ನೋಡಿಯೇ ಹೇಳಬೇಕು. ಬಾಯಲ್ಲಿ ವಿವರಿಸುವ ಹಾಗಿಲ್ಲ. ಕೆಳಗೆ ಗಂಟೆ, ನಿಮಿಷ, ಬೈನಾಕ್ಯುಲರ್ 10×50 ಅಂತ ಬರೆಸುವುದು ಮರೆಯಬೇಡಿ.

ಸಂಜೆಮುಗಿಲು:

ಬೈನಾಕ್ಯುಲರ್ ನಮ್ಮ ಭಾವನವರ ಹತ್ತಿರ ಇದೆ. ಇವತ್ತೇ ಕೇಳುತ್ತೇನೆ.